ತಂಗಿಯ ಕೈಗುಣ

ಖೇಬೇ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಅರ್ಧ ರಸ್ತೆ ಮುಚ್ಚಲೇಬೇಕಿತ್ತು. ಕೆಂಪು, ನೀಲಿ, ಬಿಳಿ ಪಟ್ಟೆಯ ತಾಡಪಾಲಿನ ಚಪ್ಪರ ಎದ್ದು, ಅದರಡಿ ದುಂಡು ಮೇಜುಗಳು ಬಂದು, ಹಿಂದುಗಡೆ ಗ್ಯಾಸ್ ಒಲೆಗಳು ಬುಸುಗುಟ್ಟತೊಡಗಿದರೆ ಬಸ್ಸಿನವನೂ ಬೈಯದೆ ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಹೋಗುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಡುಗೆ ಯಾರದು?” ಎಂದು ಕೇಳುತ್ತಿದ್ದ. “ಖೋಂಗ್ ಮೇಸ್ತ್ರಿದು” ಅಂದರೆ ಸಾಕು, ವಾಪಸ್ಸು ಬರುವ ಹೊತ್ತಿಗೆ ಬಸ್ಸು ನಿಲ್ಲಿಸಿ ಉಳಿದ ಸಾರಿಗೆ ಪಾತ್ರೆ ಹಿಡಿದು ನಿಲ್ಲುತ್ತಿದ್ದ.

ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಖೋಂಗ್ ಮೇಸ್ತ್ರಿಯ ಗುಂಪಿಗೆ ಸೇರಿದೆ. ತರಕಾರಿ ಹೆಚ್ಚುವುದು, ಏಡಿ ಉಜ್ಜುವುದು, ತಟ್ಟೆ ಹೊರುವುದು ನಮ್ಮ ಕೆಲಸ. ಮೇಸ್ತ್ರಿಗೆ ಗಂಡುಮಕ್ಕಳಿರಲಿಲ್ಲ. ಹಿರಿಯವಳು ಲುವಾನ್, ಕಿರಿಯವಳು ಕಿಯೋಕ್. ಲುವಾನಕ್ಕ ಗಿರಾಕಿಗಳ ಹತ್ತಿರ ಮಾತಾಡುವವಳು. ಮೇಜು ಎಲ್ಲಿ ಹಾಕಬೇಕು, ಹುಡುಗಿಯ ಸೋದರಮಾವನನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು, ಯಾರ ಜೊತೆ ಯಾರಿಗೆ ಮಾತಿಲ್ಲ, ಎಲ್ಲ ಅವಳ ತಲೆಯಲ್ಲಿತ್ತು. ಒಲೆ ಮಾತ್ರ ಕಿಯೋಕಳದು. ಅಪ್ಪ ಅವಳಿಗೇ ಕಲಿಸಿದ್ದ. ಏಕೆಂದರೆ ಕಲಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಆ ಹುಡುಗಿ ಸಾರು ಕುದಿಯುವ ಸದ್ದು ಕೇಳಿಯೇ ಉಪ್ಪು ಸಾಲದು ಅನ್ನುತ್ತಿದ್ದಳು.

ಕಿಯೋಕ್ ಎಡಚಿ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿಗೆ ಹೊಡೆದು ಬಲಗೈಯಲ್ಲಿ ಬರೆಯಿಸಿದ್ದರು. ದುಂಡು ಮೇಜಿನಲ್ಲಿ ಪಕ್ಕದವರ ಮೊಣಕೈಗೆ ತಾಗುತ್ತದೆಂದು ಅವರಮ್ಮ ಊಟದ ಕಡ್ಡಿಗಳನ್ನೂ ಬಲಗೈಗೆ ದಾಟಿಸಿದ್ದಳು. ಸೌಟು ಮಾತ್ರ ಎಡಗೈಯಲ್ಲೇ ಉಳಿಯಿತು. ಅಮ್ಮ ಅದಕ್ಕೂ ಗದರಿದಾಗ ಮೇಸ್ತ್ರಿ, “ಒಲೆ ಮುಂದೆ ಯಾವ ಕೈ ಆದ್ರೇನು ಬಿಡೆ, ನಾಲಿಗೆ ಇರೋದು ಒಂದೇ” ಅಂದುಬಿಟ್ಟ.

ಅಕ್ಕತಂಗಿಯರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. “ನೀನು ಬೇಯ್ಸು, ನಾನು ಬೈಸ್ಕೋತೀನಿ” ಎಂದು ಲುವಾನಕ್ಕ ನಗುತ್ತಿದ್ದಳು. ತಡವಾಯಿತೆಂದು ಗಿರಾಕಿಗಳು ಬೈಯುವುದು ಅವಳಿಗೇ ತಾನೇ.

ಕಿಯೋಕ್ ತೀರಿಕೊಂಡದ್ದು ಒಂದು ಮದುವೆಯ ಹಿಂದಿನ ದಿನ. ಬಂದರಿನಲ್ಲಿ ಏಡಿ ಕೊಂಡು, ಮೀನುಹೊಂಡಗಳ ನಡುವಿನ ಒಡ್ಡಿನ ಮೇಲೆ ಸ್ಕೂಟರಿನಲ್ಲಿ ಬರುತ್ತಿದ್ದಳು. ಬೆಳಗಿನ ಮಳೆಗೆ ಒಡ್ಡು ಜಾರುತ್ತಿತ್ತು. ಹೊಂಡದ ಕಾವಲಿನವನು ಕಂಡಾಗ ಸ್ಕೂಟರು ದಡದಲ್ಲಿತ್ತು, ಅವಳು ನೀರಿನಲ್ಲಿದ್ದಳು. ಹುಲ್ಲುಹಗ್ಗ ಬಿಗಿದ ಏಡಿಗಳು ಬುಟ್ಟಿಯಲ್ಲಿ ಇನ್ನೂ ನೊರೆ ಬಿಡುತ್ತಾ ಕಣ್ಣಾಡಿಸುತ್ತಿದ್ದವು. ಅವರಮ್ಮ ಅಳುತ್ತಲೇ ಒಂದೊಂದರ ಹಗ್ಗ ಬಿಚ್ಚಿ ಕಾಲುವೆಗೆ ಬಿಟ್ಟಳು. ಅಂದಿನಿಂದ ಖೋಂಗ್ ಮನೆಯವರ ಔತಣದಲ್ಲಿ ಏಡಿ ಇರಲಿಲ್ಲ. ಕೆಂಪು ಏಡಿ ಕೂರಿಸಿದ ಅಂಟಕ್ಕಿ ಅನ್ನ ಇಲ್ಲದ ಮದುವೆ ಎಂಥ ಮದುವೆ ಎಂದು ಜನ ಗೊಣಗಿದರೂ ಎದುರಿಗೆ ಯಾರೂ ಅನ್ನಲಿಲ್ಲ.

ಮದುವೆಯಾಗದೆ ಸತ್ತ ಹೆಣ್ಣಿಗೆ ನಮ್ಮಲ್ಲಿ ತವರಿನ ದೇವರಗೂಡಿನಲ್ಲಿ, ತೀರಿಕೊಂಡ ಹಿರಿಯರ ಹೆಸರಿನ ಹಲಗೆಗಳ ಸಾಲಿನಲ್ಲಿ, ಜಾಗವಿಲ್ಲ. ಗಂಡನ ಮನೆಯ ಹಿರಿಯರ ಜೊತೆ ಕೂರಬೇಕಾದವಳು, ಗಂಡನೇ ಇಲ್ಲದಿದ್ದರೆ ಎಲ್ಲಿ ಕೂರುತ್ತಾಳೆ? ಒಡ್ಡಿನ ಕೊನೆಯಲ್ಲಿ ಕನ್ಯೆಯರ ಗುಡಿ ಅಂತ ಒಂದು ಸಣ್ಣ ಕಟ್ಟಡವಿದೆ. ಅಂಥ ಹುಡುಗಿಯರ ಹೆಸರಿನ ಹಲಗೆಗಳು, ಫೋಟೋಗಳು ಅಲ್ಲಿ ಸಾಲಾಗಿ ಇರುತ್ತವೆ. ಕಿಯೋಕಳನ್ನೂ ಅಲ್ಲಿಗೇ ಬಿಟ್ಟುಬಂದರು. ಅವರಮ್ಮ ಬಾಚಣಿಗೆ, ಮುಖದ ಪೌಡರು ತೆಗೆದುಕೊಂಡು ಆಗಾಗ ಹೋಗಿ ಕೂತು ಬರುತ್ತಿದ್ದಳು.

ಪಂಚಾಂಗದ ಏಳನೇ ತಿಂಗಳು ಬಂತು. ದಿಕ್ಕಿಲ್ಲದ ಪ್ರೇತಗಳೆಲ್ಲ ಹೊರಗೆ ಬಂದು ತಿರುಗುವ ತಿಂಗಳು. ಬಾಯಿಬಿಟ್ಟು ಪ್ರೇತ ಅನ್ನಬಾರದು, ‘ಅಣ್ಣಂದಿರು’ ಅನ್ನಬೇಕು. ಊರ ದೊಡ್ಡ ಗುಡಿಯ ಅಂಗಳದಲ್ಲಿ ಅಣ್ಣಂದಿರಿಗೆ ಎಡೆ ಇಟ್ಟ ಮೇಲೆ ಊರವರಿಗೆ ಔತಣ. ಅದು ಪ್ರತಿವರ್ಷ ಖೋಂಗ್ ಮೇಸ್ತ್ರಿಯದೇ. ಆ ಮಧ್ಯಾಹ್ನ ಮೇಸ್ತ್ರಿ ದೊಡ್ಡ ಬಾಣಲೆಯ ಮುಂದೆ ನಿಂತವನು ಸೌಟು ಎತ್ತಲಾರದೆ ಹೋದ. ಹಿಡಿದ ಸೌಟು ಬಾಣಲೆಯ ಅಂಚಿಗೆ ಟಣಟಣ ಬಡಿಯತೊಡಗಿತು.

ಲುವಾನಕ್ಕ ಆಗ ತಟ್ಟೆಗಳನ್ನು ಒರೆಸುತ್ತಿದ್ದಳು. ಬಟ್ಟೆ ಕೆಳಗಿಟ್ಟು ಬಂದು ಅಪ್ಪನ ಕೈಯಿಂದ ಸೌಟು ತೆಗೆದುಕೊಂಡಳು. ಎಡಗೈಯಲ್ಲಿ.

ಅವಳು ಎಡಚಿಯಲ್ಲ. ಅನ್ನಕ್ಕಿಟ್ಟರೂ ಸೀಯಿಸುವವಳು. ಆದರೆ ಆ ದಿನ ಅವಳ ಎಡಗೈ ಮೀನಿನ ಸಾರಿಗೆ ಎಷ್ಟು ಹುಳಿ, ಎಷ್ಟು ಬೆಳ್ಳುಳ್ಳಿ ಎಂದು ಯಾರನ್ನೂ ಕೇಳಲಿಲ್ಲ. ಅವಳು ಒಲೆಯ ಎದುರಿಗೆ ನೇರವಾಗಿ ನಿಲ್ಲಲೂ ಇಲ್ಲ. ಬಲಕ್ಕೆ ಸ್ವಲ್ಪ ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ ನಿಂತಿದ್ದಳು. ನಾನು ಹೆಚ್ಚಿದ ಕೋಸಿನ ಬುಟ್ಟಿ ಹೊತ್ತು ಆ ಸಂದಿನಲ್ಲಿ ದಾಟಲು ಹೋದೆ. ಕಾಲು ಮುಂದಕ್ಕೆ ಬರಲಿಲ್ಲ. ಬೆಂಕಿಯ ಪಕ್ಕವಾದರೂ ಅಲ್ಲಿ ಬಾವಿಯ ಬಾಯಿಯಂಥ ತಣ್ಣನೆಯ ಗಾಳಿಯಿತ್ತು. ಸುತ್ತು ಹಾಕಿಕೊಂಡು ಹೋದೆ.

ಮೊದಲ ಬಟ್ಟಲು ಕುಡಿದ ಗುಡಿಯ ಯಜಮಾನ, ಹಲ್ಲಿಲ್ಲದ ಮುದುಕ, ಚಮಚ ಕೆಳಗಿಟ್ಟು ಅತ್ತುಬಿಟ್ಟ. “ಇದು ಆ ಚಿಕ್ಕ ಹುಡುಗಿ ಕೈದು” ಅಂದ.

ಮೇಸ್ತ್ರಿ ಆ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಲುವಾನಕ್ಕನೇ ಮೇಸ್ತ್ರಿಯಾದಳು. ಸುತ್ತಲಿನ ಊರುಗಳಲ್ಲಿ ಅವಳಿಗೆ ಬಿಡುವಿರುವ ದಿನ ನೋಡಿ ಮದುವೆ ಇಟ್ಟುಕೊಳ್ಳುವಂತಾಯಿತು. ಗಡ್ಡೆ, ಪಕ್ಕೆಲುಬು, ಮೀನಿನ ಗಾಳಿಚೀಲ ಹಾಕಿ ಕುದಿಸುವ ಜಾಡಿಯ ಸಾರು ಮೇಜಿಗೆ ಬಂದಾಗ ಜಗಳವಾಡುತ್ತಿದ್ದ ಬೀಗರೂ ಬಾಯಿ ಮುಚ್ಚುತ್ತಿದ್ದರು. ಉಂಡವರು ಒಲೆಯ ಹತ್ತಿರ ಬಂದು ಕೈಮುಗಿದು ಹೋಗುತ್ತಿದ್ದರು. ಲುವಾನಕ್ಕ ಮಾತ್ರ ಹೊಗಳಿಕೆ ಕೇಳಿದರೆ ಕಹಿ ಔಷಧಿ ಕುಡಿದವಳಂತೆ ಮುಖ ಮಾಡುತ್ತಿದ್ದಳು.

“ಹುಯಿ, ಚಪ್ಪರದ ತುಂಬ ಜನ ಹೊಗಳಿ ಹೋದ್ರು. ಯಾರನ್ನ ಹೊಗಳಿದ್ರು ಹೇಳು?” ಎಂದು ಒಮ್ಮೆ ಬಾಣಲೆ ತಿಕ್ಕುತ್ತಾ ನನ್ನ ಹೆಸರು ಹಿಡಿದು ಕೇಳಿದಳು.

“ನಿನ್ನನ್ನೇ ಕಣಕ್ಕ, ಇನ್ಯಾರನ್ನ?”

“ನಾನು ರುಚಿ ನೋಡಿದ್ರೆ ನಂಗೆ ಬರೀ ಹೊಗೆ ವಾಸನೆ. ಒಳಗೆ ಏನಿದೆ ಅಂತ ಇವತ್ತಿನವರೆಗೂ ನಂಗೆ ಗೊತ್ತಿಲ್ಲ. ಹೋಟೆಲಿನ ಬಾಗಿಲು ಕಾಯೋನಿಗೆ ಒಳಗಿನ ಊಟ ಗೊತ್ತಿರುತ್ತಾ?”

ಮನೆಯಲ್ಲಿ ಅವಳು ಬಲಗೈಯವಳೇ. ಅಲ್ಲಿ ಈಗಲೂ ಅನ್ನ ಸೀಯುತ್ತಿತ್ತು. ಮದುವೆಗೆ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಗಂಡನ ಮನೆಗೆ ಹೋದರೆ ಒಲೆಯ ಪಕ್ಕದವಳು ಜೊತೆಗೆ ಬರುತ್ತಾಳೋ ಇಲ್ಲವೋ ಎಂಬ ಹೆದರಿಕೆ ಅವಳಿಗಿತ್ತು ಅಂತ ನನ್ನ ಅನಿಸಿಕೆ. ಬಾಯಿಬಿಟ್ಟು ಹೇಳಲಿಲ್ಲ.

ಅವರಮ್ಮನಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ದೊಡ್ಡ ಚಪ್ಪರ, ಮೇಜುಗಳೆಲ್ಲ ತುಂಬಿವೆ, ಜನ ನಗುತ್ತಾ ಉಣ್ಣುತ್ತಿದ್ದಾರೆ. ಒದ್ದೆ ಕೂದಲಿನ ಕಿಯೋಕ್ ಮೇಜಿನಿಂದ ಮೇಜಿಗೆ ಹೋಗಿ ನೋಡಿ, ಕೊನೆಗೆ ಅಮ್ಮನ ಹತ್ತಿರ ಬಂದು, “ನಾನೆಲ್ಲಿ ಕೂತ್ಕೊಳ್ಲಿ?” ಅಂತ ಕೇಳುತ್ತಾಳೆ. ಮುದುಕಿ ಎದ್ದು ಜಾಗ ಬಿಡಬೇಕು ಅನ್ನುವಷ್ಟರಲ್ಲಿ ಎಚ್ಚರವಾಗುತ್ತದೆ.

ಹೀಗೆ ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ನಾವು ಅವರ ಅಂಗಳದಲ್ಲಿ ಒಣಗಿದ ಅಣಬೆ ಆರಿಸುತ್ತಾ ಕೂತಿದ್ದೆವು. ಮೋಟಾರ್ ಸೈಕಲ್ಲು ನಿಲ್ಲಿಸಿ ಒಬ್ಬ ಗಂಡಸು ಬಂದ. ನಲವತ್ತರ ಆಸುಪಾಸು, ಬೋಳುತಲೆ, ಮೈತುಂಬ ಎಣ್ಣೆಯ ಜಿಡ್ಡು. ನನಗೆ ಗುರುತು ಸಿಕ್ಕಿತು. ತೋ ಬುನ್‌ಸಾನ್. ಮಂಗಳವಾರದ ರಾತ್ರಿ ಸಂತೆಯಲ್ಲಿ ಹುರಿದ ಅಂಜಲ್ ಮೀನಿನ ಗಟ್ಟಿ ಸಾರು ಮಾರುವವನು. ಅವನ ಅಂಗಡಿಯಲ್ಲಿ ಯಾವತ್ತೂ ಕೂರಲು ಜಾಗ ಸಿಗುತ್ತಿತ್ತು, ಅದಕ್ಕೇ ಕಾಲುನೋವಿನವರು ಅಲ್ಲಿಗೆ ಹೋಗುತ್ತಾರೆ ಎಂದು ಪಕ್ಕದ ಸಾಸೇಜಿನವನು ಗೇಲಿ ಮಾಡುತ್ತಿದ್ದ.

ಬುನ್‌ಸಾನ್ ಲುವಾನಕ್ಕನ ಅಮ್ಮನ, ಈಗ ನಾವೆಲ್ಲ ಅಜ್ಜಿ ಅನ್ನುತ್ತಿದ್ದವಳ, ಎದುರು ಕುಕ್ಕರಗಾಲಲ್ಲಿ ಕೂತ. “ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ಎಡಚಿ ಹುಡುಗಿ ಇದ್ಳಾ?”

ಅಣಬೆ ಆರಿಸುತ್ತಿದ್ದ ಕೈಗಳೆಲ್ಲ ನಿಂತವು.

“ಯಾಕೆ?” ಎಂದಳು ಲುವಾನಕ್ಕ.

“ಸಂತೇಲಿ ಇನ್ನೂ ದೀಪ ಹಾಕಿರ್ಲಿಲ್ಲ. ನಾನು ಎಣ್ಣೆ ಕಾಯಿಸ್ತಿದ್ದೆ. ಒಂದು ಹುಡುಗಿ ಬಂದು ಕೂತ್ಲು. ಸಾರು ಕೊಟ್ಟೆ. ಎಡಗೈಲಿ ಚಮಚ ತಗೊಂಡು, ಮೂಸಿ ನೋಡಿ, ‘ಸಕ್ಕರೆ ಜಾಸ್ತಿ, ಎಣ್ಣೆ ಹಳೇದು, ಮೀನನ್ನ ಯಾಕೆ ಹೀಗೆ ಕೊಲ್ತೀರಾ ಎರಡೆರಡು ಸಲ’ ಅಂದ್ಲು. ನಂಗೆ ನಗು ಬಂತು. ತಿರುಗಿ ನೋಡೋದ್ರೊಳಗೆ ಇರ್ಲಿಲ್ಲ. ಬಟ್ಲು ತುಂಬಿದ್ದು ತುಂಬಿದ ಹಾಗೇ ಇತ್ತು. ಆಗಷ್ಟೇ ಕುದಿಯೋದನ್ನ ಹಾಕಿದ್ದೆ ಅಮ್ಮಾ, ಮುಟ್ಟಿದ್ರೆ ಐಸು.”

“ಒಂದೇ ಸಲಾನಾ?” ಎಂದಳು ಅಜ್ಜಿ.

“ಪ್ರತಿ ಮಂಗಳವಾರ. ಹೋದ ವಾರ ಹಿಂದೇನೇ ಹೋದೆ. ಒಡ್ಡಿನ ಮೇಲೆ ನಡ್ಕೊಂಡು ಹೋದ್ಲು. ಕೊನೇಲಿ ಆ ಗುಡಿ ಬಿಟ್ರೆ ಬೇರೆ ಏನೂ ಇಲ್ಲ. ಒಳಗೆ ಹೋಗಿ ನೋಡಿದೆ. ಫೋಟೋ ಇತ್ತು. ಗುಡಿಯವರು ನಿಮ್ಮನೆ ತೋರಿಸಿದ್ರು.”

ಲುವಾನಕ್ಕ ಎದ್ದು ನಿಂತಳು. “ಯಾರು ಹೇಳ್ಕೊಟ್ಟು ಕಳಿಸಿದ್ದು ನಿಮ್ಮನ್ನ? ಸಾರು ಮಾರೋಕೆ ನಮ್ಮ ಮನೆ ಹೆಸರು ಬೇಕಾ? ಅವಳು ಎಡಚಿ ಅಂತ ಊರಿಗೆಲ್ಲ ಗೊತ್ತು.”

“ಅಕ್ಕಾ, ನನ್ನ ಸಾರು ಚೆನ್ನಾಗಿಲ್ಲ. ನಿಮ್ಮ ಹೆಸರು ಹಾಕಿದ್ರೂ ಚೆನ್ನಾಗಾಗಲ್ಲ” ಅಂದ ಬುನ್‌ಸಾನ್. ಅದನ್ನು ಅವನು ಹೇಳಿದ ರೀತಿಗೆ ನಮ್ಮಲ್ಲೊಬ್ಬಳು ಕಿಸಕ್ಕೆಂದಳು. ಅವನು ನಗಲಿಲ್ಲ. “ನಂಗೆ ಹೆದರಿಕೆ ಆಗಿದೆ. ಅದಕ್ಕೆ ಬಂದೆ.”

ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. “ಕೂದಲು ಒದ್ದೆ ಇತ್ತೇನಪ್ಪಾ?”

“ಇತ್ತಮ್ಮ. ಮೇಜಿನ ಮೇಲೆ ನೀರು ತೊಟ್ಟಿಕ್ತಿತ್ತು. ಹೊಂಡದ ನೀರಿನ ವಾಸನೆ.”

ಕನಸಿನ ಒದ್ದೆ ಕೂದಲಿನ ವಿಷಯ ಮುದುಕಿ ಲುವಾನಕ್ಕನನ್ನೂ ನನ್ನನ್ನೂ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, “ಜಾಗ ಅವಳೇ ಹುಡುಕ್ಕೊಂಡಿದ್ದಾಳೆ” ಅಂದಳು.

ಬುನ್‌ಸಾನ್‌ಗೆ ಹೆಂಡತಿ ಇರಲಿಲ್ಲ, ತಂದೆತಾಯಿ ಇರಲಿಲ್ಲ. ಸತ್ತ ಹುಡುಗಿಯನ್ನು ಬದುಕಿರುವವನಿಗೆ ಕೊಟ್ಟು, ಅವಳ ಹಲಗೆಯನ್ನು ಅವನ ಮನೆಯ ಹಿರಿಯರ ಸಾಲಿನಲ್ಲಿ ಕೂರಿಸುವ ಪ್ರೇತದ ಮದುವೆ ಎಂದಾಗ ಅವನ ಬೋಳುತಲೆ ಬೆವರಿತು. ಆದರೂ ಗುಡಿಗೆ ಬಂದ. ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ಕನ್ಯೆಯರ ಮುಂದೆ ಎಸೆದು ಕೇಳಿದರು. ಎಸೆದಾಗಲೆಲ್ಲ ಒಂದು ಕವುಚಿ, ಒಂದು ಅಂಗಾತ ಬಿದ್ದವು. ಒಪ್ಪಿಗೆ. ಬುನ್‌ಸಾನ್ ತುಂಬಾ ಹೊತ್ತು ಆ ಫೋಟೋ ನೋಡಿ, “ಇಷ್ಟು ದಿನ ನನ್ನ ಸಾರು ಯಾಕೆ ಚೆನ್ನಾಗಿಲ್ಲ ಅಂತ ಯಾರೂ ಕೂತು ಹೇಳಿರ್ಲಿಲ್ಲ” ಅಂದ. ಒಪ್ಪಿದ ಅಂತಲೇ ಅರ್ಥ.

ಒಪ್ಪದೆ ಉಳಿದವಳು ಲುವಾನಕ್ಕ ಒಬ್ಬಳೇ. ಊರಿನ ನಾಲಿಗೆಗಳೂ ಸುಮ್ಮನಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹಂದಿಮಾಂಸದವಳು ನಮ್ಮೆದುರಿಗೇ, “ಸತ್ತ ತಂಗಿಗೆ ಗಂಡು ಸಿಕ್ತು, ಬದುಕಿರೋ ಅಕ್ಕ ಇನ್ನೂ ಸೌಟು ಹಿಡ್ಕೊಂಡು ನಿಂತಿದ್ದಾಳೆ” ಅಂದಳು. ಲುವಾನಕ್ಕ, “ನಿನ್ನ ಗಂಡನ್ನ ನೋಡಿದ್ಮೇಲೆ ಸೌಟೇ ವಾಸಿ ಅನ್ಸಿತು ಕಣೆ” ಎಂದು ಮಾಂಸ ಕಟ್ಟಿಸಿಕೊಂಡು ಬಂದಳು. ಆದರೆ ಮನೆ ಹತ್ತಿರ ಬಂದ ಮೇಲೆ ನಿಂತಳು.

“ಕಳಿಸಿದ್ರೆ ಹೋಗಿಬಿಡ್ತಾಳೆ ಹುಯಿ.”

“ಹೋಗ್ಬೇಕಲ್ಲಕ್ಕ. ಎಷ್ಟು ವರ್ಷ ಅಂತ ಹೊರಗೆ ನಿಂತಿರ್ತಾಳೆ?”

“ಅವಳು ಹೋದ್ಮೇಲೆ ನಾನು ಯಾರು? ತಟ್ಟೆ ಒರೆಸೋಳು.”

ಇದನ್ನು ಅವರಮ್ಮ ಬಾಗಿಲ ಒಳಗಿನಿಂದ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ದನಿ ಏರಿಸದೆ, “ನಿಂಗೆ ಕೈ ಬೇಕು. ಅವಳಿಗೆ ಕೂರೋಕೆ ಒಂದು ಕುರ್ಚಿ ಬೇಕು. ಇಬ್ರೂ ನಾನು ಹೆತ್ತೋರೇ. ನಾನು ಯಾರ ಕಡೆ ಹೇಳ್ಲಿ, ನೀನೇ ಹೇಳು” ಅಂದಳು.

ಲುವಾನಕ್ಕ ಮಾಂಸದ ಪೊಟ್ಟಣ ಒಳಗಿಟ್ಟು ಕೋಣೆಗೆ ಹೋದಳು. ಮರುದಿನ ಬೆಳಿಗ್ಗೆ ಬಂದರಿಗೆ ಹೋಗಿ ಕೆಂಪು ಏಡಿಗೆ ಹೇಳಿಬಂದಳು. ಅಷ್ಟು ವರ್ಷಗಳ ಮೇಲೆ ಖೋಂಗ್ ಮನೆಯವರು ಏಡಿ ಕೇಳುತ್ತಿದ್ದಾರೆಂದು ದಲ್ಲಾಳಿ ಬೆಪ್ಪಾಗಿ ನಿಂತನಂತೆ.

ಮದುವೆ ಎಂಟನೇ ತಿಂಗಳ ಒಂದು ಒಳ್ಳೆಯ ದಿನ ನಡೆಯಿತು. ಬಿದಿರು ಮತ್ತು ಕಾಗದದಿಂದ ಮಾಡಿದ ಗೊಂಬೆಗೆ ಕಿಯೋಕಳ ಫೋಟೋದ ಮುಖ ಅಂಟಿಸಿ, ಕೆಂಪು ರೇಷ್ಮೆ ತೊಡಿಸಿದ್ದರು. ಅಜ್ಜಿಯೇ ತಲೆ ಬಾಚಿದಳು, ಬಾಚುವುದಕ್ಕೆ ಕೂದಲು ಇರಲಿಲ್ಲವಾದರೂ. ಕಾರಿನಲ್ಲಿ ಗೊಂಬೆಯನ್ನು ಕೂರಿಸಿಕೊಂಡ ಬುನ್‌ಸಾನ್, ದಾರಿ ತಪ್ಪಿಸಿಕೊಂಡಾಳೆಂದು, ತಿರುವು ಬಂದಾಗಲೆಲ್ಲ ಕೂಗಿ ಹೇಳಬೇಕಿತ್ತು. ಮೊದಮೊದಲು ಅವನಿಗೆ ನಾಚಿಕೆ. ಸ್ವರವೇ ಏಳಲಿಲ್ಲ. ಒಡ್ಡಿನ ಸೇತುವೆ ಬಂದಾಗ ಮಾತ್ರ ಗಟ್ಟಿಯಾಗಿ, “ಕಿಯೋಕ್, ನೀರು ದಾಟ್ತಾ ಇದ್ದೀವಿ, ಹೆದರ್ಬೇಡ, ನಾನು ಹಿಡ್ಕೊಂಡಿದ್ದೀನಿ” ಅಂದ. ಹಿಂದಿನ ವ್ಯಾನಿನಲ್ಲಿ ಪಾತ್ರೆಗಳ ಜೊತೆ ಕೂತಿದ್ದ ನಮಗೆಲ್ಲ ಕೇಳಿಸಿತು. ಲುವಾನಕ್ಕ ಜಾಡಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

ಬುನ್‌ಸಾನ್ ಮನೆಯ ಅಂಗಳ ಸಣ್ಣದು. ಹೆಚ್ಚು ಜನರನ್ನು ಕರೆದಿರಲಿಲ್ಲ. ಆದರೆ ಅಂಥ ಅಡುಗೆಯನ್ನು ನಾನು ಅದಕ್ಕೆ ಮುಂಚೆಯೂ ಉಂಡಿಲ್ಲ, ಆಮೇಲೂ ಉಂಡಿಲ್ಲ. ಏಡಿಯ ಕೆಂಪು ತತ್ತಿ ಅಂಟಕ್ಕಿಯ ಕಾಳು ಕಾಳಿಗೂ ಇಳಿದಿತ್ತು. ಆವಿಯಲ್ಲಿ ಬೆಂದ ಮೀನು ಕಡ್ಡಿ ಮುಟ್ಟಿಸಿದರೆ ಬಿಡಿಬಿಡಿಯಾಗುತ್ತಿತ್ತು. ಗೊಂಬೆಯನ್ನು ಗಂಡನ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಅವಳ ಎದುರಿಗೂ ಎಲ್ಲವನ್ನೂ ಬಡಿಸಿದರು. ಸಾಸೇಜಿನವನು ಕೂಡ ಗೇಲಿ ಮರೆತು ತಲೆ ತಗ್ಗಿಸಿ ಉಂಡ. ಲುವಾನಕ್ಕನ ಎಡಗೈ ಆ ದಿನ ನಿಲ್ಲಲೇ ಇಲ್ಲ. ಹಬೆಯಲ್ಲಿ ನೋಡುವಾಗ ಒಮ್ಮೊಮ್ಮೆ ಅವಳ ನೆರಳು ಅಗಲವಾಗಿ, ಇಬ್ಬರದಂತೆ ಕಾಣುತ್ತಿತ್ತು.

ಕೊನೆಗೆ ಶೇಂಗಾ ಪಾಯಸ ಉಳಿದಿತ್ತು. ಒಳಗೆ ಬುನ್‌ಸಾನ್ ಕಿಯೋಕಳ ಹೆಸರಿನ ಹಲಗೆಯನ್ನು ತನ್ನ ಹಿರಿಯರ ಸಾಲಿನಲ್ಲಿ ಇಟ್ಟು ಊದುಬತ್ತಿ ಹಚ್ಚಿದ. ಹೊರಗೆ ಲುವಾನಕ್ಕನ ಎಡಗೈಯಿಂದ ಸೌಟು ಜಾರಿ ಪಾಯಸದೊಳಗೆ ಬಿತ್ತು. ನಾನು ಓಡಿಹೋಗಿ ಇನ್ನೊಂದು ಸೌಟು ಕೊಟ್ಟೆ. ಅವಳು ಬಲಗೈ ಚಾಚಿ ತೆಗೆದುಕೊಂಡಳು. ನಾನು ನಿಂತಿದ್ದದ್ದು ಒಲೆಯ ಎಡಕ್ಕೆ. ಅಲ್ಲಿ ಬೆಂಕಿಯ ಝಳ ಬಿಟ್ಟರೆ ಏನೂ ಇರಲಿಲ್ಲ.

ಆಮೇಲಿನ ಮೊದಲ ಕೆಲಸ ಒಂದು ಗೃಹಪ್ರವೇಶ. ಲುವಾನಕ್ಕ ಎಡಗೈಯಲ್ಲಿ ಸೌಟು ಹಿಡಿದು ನೋಡಿದಳು. ಮಗುವಿನ ಕೈಗೆ ಕೊಟ್ಟ ಹಾಗೆ ಅದು ಅಲ್ಲಾಡಿತು. ಬಲಗೈಗೆ ಅಭ್ಯಾಸವಿಲ್ಲ. ಜಾಡಿಯ ಸಾರು ಬರೀ ಸಾರಾಯಿತು, ಕೆಟ್ಟಿರಲಿಲ್ಲ, ಅಷ್ಟೇ. ಜನ ಮರ್ಯಾದೆಗೆ ಉಂಡರು. ಮನೆಯ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದು, “ಮೇಸ್ತ್ರಮ್ಮಂಗೆ ಇವತ್ತು ಮೈ ಹುಷಾರಿಲ್ವಾ?” ಎಂದು ಕೇಳಿದ. ಅವಳಿಗೆ ಕೇಳಿಸಿತು. ಮುಂದಿನ ವರ್ಷದ ಹೊತ್ತಿಗೆ ದೊಡ್ಡ ಮದುವೆಗಳು ಬೇರೆ ಮೇಸ್ತ್ರಿಗಳ ಪಾಲಾದವು.

ಅತ್ತ ಮಂಗಳವಾರದ ಸಂತೆಯ ಸುದ್ದಿ ಬರತೊಡಗಿತು. ಬುನ್‌ಸಾನ್ ಅಂಗಡಿಯಲ್ಲಿ ಕೂರಲು ಜಾಗವಿಲ್ಲವಂತೆ. ದೀಪ ಹಾಕುವ ಮೊದಲೇ ಜನ ಬಟ್ಟಲು ಹಿಡಿದು ನಿಲ್ಲುತ್ತಾರಂತೆ. ಕಾಲುನೋವಿನವರು ಈಗ ಸಾಸೇಜಿನವನ ಸ್ಟೂಲಿನ ಮೇಲೆ ಕೂರುತ್ತಾರಂತೆ. ಅಜ್ಜಿ ಪ್ರತಿ ಮಂಗಳವಾರ ಒಳ್ಳೆಯ ಅಂಗಿ ತೊಟ್ಟು ಹೋಗಿ ಉಂಡು ಬರುತ್ತಿದ್ದಳು. ಲುವಾನಕ್ಕ ಹೋಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

ಚಳಿಗಾಲ ಶುರುವಾಗಿತ್ತು. ಒಂದು ಮಂಗಳವಾರ ಸಂಜೆ ನನ್ನ ಮನೆ ಬಾಗಿಲಿಗೆ ಬಂದು, “ಏಳು, ಸಂತೆಗೆ ಹೋಗೋಣ” ಅಂದಳು.

ಬುನ್‌ಸಾನ್ ದೂರದಿಂದಲೇ ನೋಡಿ, ಮುಂದಿನ ಮೇಜಿನವರನ್ನು ಎಬ್ಬಿಸಿ, “ನಮ್ಮತ್ತಿಗೆ ಬಂದಿದ್ದಾರೆ, ಸ್ವಲ್ಪ ಜರುಗಿ, ಜರುಗಿ” ಎಂದು ಜಾಗ ಮಾಡಿಸಿದ. ಅವನು ಒಲೆಯ ಬಲಕ್ಕೆ ಸರಿದು ನಿಂತಿದ್ದ. ಎಡಗಡೆ ಜಾಗ ಖಾಲಿ. ಎಣ್ಣೆಯಲ್ಲಿ ಮೀನಿನ ತುಂಡುಗಳು ಸಿಡಿಯುತ್ತಿದ್ದವು.

“ಏನು ಹಾಕ್ತಿದ್ದೀರಾ?” ಎಂದಳು ಲುವಾನಕ್ಕ.

“ಆಣೆ ಮಾಡ್ತೀನಿ ಅತ್ತಿಗೆ, ಹಿಂದೆ ಹಾಕ್ತಿದ್ದಿದ್ದೇ. ಗೆಣಸಿನ ಹಿಟ್ಟು, ಕೋಸು, ವಿನಿಗರ್. ಒಂದೇ ವ್ಯತ್ಯಾಸ, ಜಾಲರಿ ಸೌಟು ಹಿಡ್ಕೊಂಡು ನಿಂತಾಗ ‘ಈಗ ತೆಗೀರಿ’ ಅನ್ನೋ ಹಾಗೆ ಆಗುತ್ತೆ. ತೆಗೀತೀನಿ. ಮೊದಲು ನಾನು ಗಡಿಯಾರ ನೋಡ್ತಿದ್ದೆ.”

ಬಟ್ಟಲು ಬಂತು. ಲುವಾನಕ್ಕ ಮುಖ ಹತ್ತಿರ ತಂದು ಹಬೆ ತೆಗೆದುಕೊಂಡಳು. ಒಂದು ಚಮಚ ಕುಡಿದಳು. ಮೀನಿನ ತುಂಡು ಕಚ್ಚಿದಾಗ ಹೊರಗಿನ ಹಿಟ್ಟು ಕರುಂ ಅಂದದ್ದು ನನಗೂ ಕೇಳಿಸಿತು. ಬಟ್ಟಲು ಬರಿದಾಗುವವರೆಗೆ ತಲೆ ಎತ್ತಲಿಲ್ಲ. ಅವಳ ಗಲ್ಲದಿಂದ ನೀರು ಇಳಿದು ಸಾರಿಗೆ ಬೀಳುತ್ತಿತ್ತು. ಖಾರದ್ದೋ, ಚಳಿಯದ್ದೋ ಎಂದು ನಾನು ನೋಡಲು ಹೋಗಲಿಲ್ಲ.

“ಹೀಗಿರ್ತಿತ್ತಾ?” ಎಂದು ಕೊನೆಗೆ ನನ್ನನ್ನು ಕೇಳಿದಳು. “ಇಷ್ಟು ವರ್ಷ ನಾನು ಬಡಿಸಿದ್ದು ಇದನ್ನಾ?”

“ಇದನ್ನೇ ಅಕ್ಕ.”

“ನೀವೆಲ್ಲ ಉಂಡ್ರಿ. ನಾನೊಬ್ಳು ಉಣ್ಲಿಲ್ಲ.” ಬಟ್ಟಲನ್ನು ಮುಂದಕ್ಕೆ ಚಾಚಿದಳು. “ಇನ್ನೊಂದು ಹಾಕಿ ಬುನ್‌ಸಾನ್. ಅವಳಿಗೆ ಹೇಳಿ, ವಿನಿಗರ್ ಇವತ್ತಿಗೂ ಒಂದು ಹನಿ ಜಾಸ್ತೀನೇ ಹಾಕ್ತಾಳೆ ಅಂತ.”

ಒಲೆಯ ಎಡಕ್ಕೆ ನೇತುಹಾಕಿದ್ದ ಸೌಟುಗಳಲ್ಲಿ ಒಂದು ಗಾಳಿಯಿಲ್ಲದೆ ಅಲ್ಲಾಡಿತು. ಬುನ್‌ಸಾನ್ ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದ, ಜನರೆದುರು ಹೆಂಡತಿಯನ್ನು ಸುಮ್ಮನಿರು ಅನ್ನುವವನ ಹಾಗೆ.

ಕೆಲವು ವರ್ಷಗಳ ಮೇಲೆ ಬುನ್‌ಸಾನ್ ಬದುಕಿರುವ ಹೆಣ್ಣೊಬ್ಬಳನ್ನೂ ಮದುವೆಯಾದ. ಇಂಗ್ ಅಂತ, ಗಟ್ಟಿಗಿತ್ತಿ. ನಮ್ಮ ಪದ್ಧತಿಯಂತೆ ಅವಳು ಮೊದಲು ಖೋಂಗ್ ಮನೆಗೆ ಬಂದು ಅಜ್ಜಿಯನ್ನು ಅಮ್ಮ ಅಂದಳು, ಆಮೇಲೆ ಗಂಡನ ಮನೆಯಲ್ಲಿ ಕಿಯೋಕಳ ಹಲಗೆಗೆ ಕೈಮುಗಿದು ಅಕ್ಕ ಅಂದಳು. ಅಂಗಡಿಯಲ್ಲಿ ಅವಳು ಬಟ್ಟಲು ತೊಳೆಯುತ್ತಾಳೆ, ಗಿರಾಕಿಗಳನ್ನು ಗದರುತ್ತಾಳೆ, ಒಲೆಯ ಎಡಕ್ಕೆ ಮಾತ್ರ ಕಾಲಿಡುವುದಿಲ್ಲ. ಮುದುಕಿಗೆ ಆ ಕನಸು ಮತ್ತೆ ಬೀಳಲಿಲ್ಲ. ಸಾಯುವವರೆಗೂ ಮಂಗಳವಾರ ತಪ್ಪಿಸಲಿಲ್ಲ.

ಲುವಾನಕ್ಕ ಕೆಲಸ ಬಿಡಲಿಲ್ಲ. ಬಲಗೈಗೆ ಮೊದಲಿನಿಂದ ಕಲಿಸಿದಳು, ಕೈಯೆಲ್ಲ ಸುಟ್ಟುಕೊಂಡಳು. ಅವಳ ಅಡುಗೆ ಚೆನ್ನಾಯಿತು. ಆ ಅಡುಗೆಯಂತೆ ಎಂದೂ ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ. ಮದುವೆಗೆ ಕರೆಯುವವರು ಕಡಿಮೆ. ಸಾವಿನ ಮನೆಯವರು ಕರೆಯುತ್ತಾರೆ. ಅತ್ತು ಬಂದವರ ಹೊಟ್ಟೆಗೆ ಹಿಡಿಯುವಂಥ ತಿಳಿಯಾದ ಬಿದಿರುಕಳಲೆಯ ಸಾರು ಅವಳದೇ, ಅದನ್ನು ಕಿಯೋಕ್ ಯಾವತ್ತೂ ಮಾಡಿರಲಿಲ್ಲ. ಏಳನೇ ತಿಂಗಳ ಔತಣವನ್ನೂ ಗುಡಿಯವರು ಅವಳ ಕೈ ತಪ್ಪಿಸಿಲ್ಲ.

ಹೋದ ವರ್ಷದ ಔತಣದಲ್ಲಿ ಒಲೆಯ ಮುಂದೆ ಅವಳು ಕೆಲಸ ಮಾಡುತ್ತಾ ಮಾಡುತ್ತಾ ಎಡಗಡೆಗೆ ಉಪ್ಪಿನ ಡಬ್ಬಿ ಚಾಚಿದಳು. ಯಾರೋ ತೆಗೆದುಕೊಳ್ಳುತ್ತಾರೆ ಅನ್ನುವ ಹಾಗೆ ಹಿಡಿದೇ ಇದ್ದಳು. ಆಮೇಲೆ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು.

“ಅಕ್ಕ, ಅವಳು ಪಕ್ಕದಲ್ಲಿದ್ದಾಗ ನಿಂಗೆ ಹೆದರಿಕೆ ಆಗ್ತಿರ್ಲಿಲ್ವಾ?” ಎಂದು ಕೇಳಿದೆ. ಅಷ್ಟು ವರ್ಷ ಕೇಳಬೇಕೆಂದುಕೊಂಡದ್ದು.

“ಇದ್ದಾಗ ಆಗ್ತಿರ್ಲಿಲ್ಲ ಕಣೆ. ಈಗ ಆಗುತ್ತೆ” ಅಂದಳು. ಉಪ್ಪಿನ ಡಬ್ಬಿಯನ್ನು ಬಲಗಡೆ ಇಟ್ಟಳು. “ನಿಂತ್ಕೋಬೇಡ, ಅನ್ನದ ಹಬೆ ನೋಡು ಹೋಗು. ಅಣ್ಣಂದಿರದು ಊಟ ಆಗಿರುತ್ತೆ, ಇನ್ನು ಊರಿನೋರು ಬರ್ತಾರೆ.”